ಅವ್ವನಿಗೆ ಬಿಸಿಲು ತಂದ ಬೋರಲಿಂಗ

ಹತ್ರ ಬನ್ರಪ್ಪಾ, ಕೂತ್ಕಳಿ. ಪೆದ್ದನ ಕತೆ ಇದು. ನಗಿ, ಆದ್ರೆ ಅವನನ್ನ ಬೈಯ್ಯಬ್ಯಾಡಿ. ನಂಗೆ ಆಗಲ್ಲ.

ಬೋರಲಿಂಗ ಅಂತ ಒಬ್ಬ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಅವನವ್ವ ಚೆನ್ನಾಜಮ್ಮ, ಗಂಡ ತೀರಿಕೊಂಡ ಮೇಲೆ ನಗೋದೇ ಬಿಟ್ಟಳು. ಗೋಡೆ ಕಡೆ ಮುಖ ಮಾಡಿ ಮಲಗಿದ್ದೇ ಮಲಗಿದ್ದು. ಅವ್ವ ಒಂದ್ಸಲ ನಕ್ಕರೆ ಸಾಕು ಅಂತ ಮಗ ಊರಿನ ಆಸ್ಪತ್ರೆ ನರ್ಸಮ್ಮನ ಹತ್ರ ಓಡಿದ.

"ಖುಷಿಗೆ ಮಾತ್ರೆ ಇಲ್ಲ ಕಣಪ್ಪಾ, ಅಭ್ಯಾಸ ಮಾಡ್ಕೋಬೇಕು. ನಿಮ್ಮವ್ವ ದಿನಾ ಮೂರು ಜನಕ್ಕೆ 'ನಿಮ್ಮಿಂದ ಉಪಕಾರ ಆಯ್ತು' ಅನ್ನಲಿ," ಅಂದಳು ಆಕೆ.

"ನನ್ನ ಕೈಲಾಗಲ್ಲ ಹೋಗೋ," ಅಂದಳು ಮನೇಲಿ ಅವ್ವ.

"ನೀ ಮಲಕ್ಕೋ ಅವ್ವಾ, ನಿನ್ನ ಬದಲು ನಾನೇ ಅಂತೀನಿ!"

ಹೊರಟ. ಸಿಕ್ಕಿದ್ದು ಸಾವಿನ ಮನೆ. ಹೆಣದ ಮುಂದೆ ಅಳ್ತಾ ಕೂತಿದ್ದ ಮೂರು ಮಕ್ಕಳಿಗೂ ಕೈ ಮುಗಿದ. "ನಿಮ್ಮಿಂದ ಉಪಕಾರ ಆಯ್ತು! ಹೋಗಿ ಬರ್ತೀನಿ!" ಬಿತ್ತು ನೋಡಿ ಬೆನ್ನಿಗೆ!

"ಅಯ್ಯೋ ಮುಂಡೇದೆ!" ಅಂದಳು ಅವ್ವ. "ಅಂಥ ಮನೇಲಿ ಹೋಗಿ ಬರ್ತೀನಿ ಅಂತಾರೇನೋ? ಬಾಯಿ ಮುಚ್ಕೊಂಡು ಕೂತಿದ್ದು, ಹೇಳದೆ ಎದ್ದು, ತಲೆ ಮೇಲೆ ನೀರು ಹುಯ್ಕೋಬೇಕು!"

"ಆಗಲಿ ಅವ್ವಾ."

ಮಾರನೇ ದಿನ ನರ್ಸಮ್ಮ ಅಂದಳು, "ನಾಲ್ಕು ಜನರ ಜೊತೆ ಕೂತು ಉಣ್ಣೋದೂ ಒಳ್ಳೇ ಅಭ್ಯಾಸ." ಅವ್ವ ಏಳಲಿಲ್ಲ. ಸೋದರತ್ತೆ ಮನೇಲಿ ಮಗೂಗೆ ಹೆಸರಿಡೋ ಶಾಸ್ತ್ರ, ಬೋರಲಿಂಗನೇ ಹೋದ. ಎಂಟು ಹೋಳಿಗೆ ಉಂಡ. ಬಾಯಿ ಮುಚ್ಕೊಂಡು ಕೂತ, ಹೇಳದೆ ಎದ್ದ, ಬಾಣಂತಿಗೆ ಕಾಸಿದ್ದ ಹಂಡೆ ನೀರನ್ನೆಲ್ಲ ತಲೆ ಮೇಲೆ ಹುಯ್ಕೊಂಡ!

"ತೊಟ್ಟಿಲ ಮನೇಲಿ ಸಾವಿನ ಸ್ನಾನ ಮಾಡ್ತೀಯೇನೋ!" ಅತ್ತೆ ಒನಕೆ ಹಿಡಿದು ಮನೆವರೆಗೂ ಅಟ್ಟಿಸಿಕೊಂಡು ಬಂದಳು.

ಅವ್ವ ಈ ಸಲ ಕೂಗಲೂ ಇಲ್ಲ. "ನಾ ಹೋದ ಮೇಲೆ ನಿನ್ನ ಯಾರೋ ನೋಡ್ಕೋತಾರೆ? ಇನ್ನು ಆಚೆ ಹೋಗಬ್ಯಾಡ ಮಗಾ. ಏನು ಮಾಡೋದಿದ್ರೂ ಮನೇಲೇ ಮಾಡು," ಅಂದು ಮತ್ತೆ ಗೋಡೆ ಕಡೆ ತಿರುಗಿದಳು. ಬೋರಲಿಂಗನಿಗೆ ಅಳುವೇ ಬಂತು ಪಾಪ.

ಬೀದೀಲಿ ಹೋಗ್ತಿದ್ದ ನರ್ಸಮ್ಮನ್ನ ಕಿಟಕಿಯಿಂದಲೇ ಕೂಗಿ, ಇನ್ನೇನು ಮಾಡ್ಲಿ ಅಂತ ಕೇಳಿದ.

"ಏನೂ ಆಗದಿದ್ರೆ ದಿನಾ ಅರ್ಧ ಗಂಟೆ ಎಳೆಬಿಸಿಲಾದ್ರೂ ನಿಮ್ಮವ್ವನ ಮೈಮೇಲೆ ಬೀಳಲಿ," ಅಂದಳು ಆಕೆ.

ಬಿಸಿಲು ಇರೋದು ಆಚೆ. ಅವ್ವ ಹೇಳಿರೋದು ಮನೇಲೇ ಮಾಡು ಅಂತ. ಬೋರಲಿಂಗ ಅಟ್ಟ ಹತ್ತಿ, ತೊಲೆ ಹಿಡಿದು, ಅವ್ವನ ನೆತ್ತಿ ಮೇಲಿನ ಹೆಂಚನ್ನೆಲ್ಲ ಒಂದೊಂದಾಗಿ ತೆಗೆದು ಬೀದಿಗೆ ಎಸೆದ! ದಡ್! ದಡ್! ದಡ್!

ಕಣ್ಣು ಬಿಟ್ಟರೆ ಚೆನ್ನಾಜಮ್ಮನ ಮೇಲೆ ಆಕಾಶ. "ಮನೆ ಬಿತ್ತು!" ಅಂತ ಎದ್ದು ಅಂಗಳಕ್ಕೆ ಓಡಿದಳು. ಅಕ್ಕಪಕ್ಕದವರೆಲ್ಲ ಓಡಿ ಬಂದರು. ನೋಡ್ತಾರೆ, ಬೋಳು ಸೂರಿನ ನಡುವೆ ಬೋರಲಿಂಗನ ತಲೆ. ಮುಖದ ತುಂಬಾ ಮಸಿ, ಮುಖದ ತುಂಬಾ ಖುಷಿ. ಚೆನ್ನಾಜಮ್ಮ ಕಲ್ಲೆತ್ತಿಕೊಂಡಳು, ಹೊಡೆಯೋಕೆ ಆಗಲಿಲ್ಲ. ನಗು ಬಂತು. ಹೊಟ್ಟೆ ಹಿಡ್ಕೊಂಡು, ಪಕ್ಕದವಳ ಹೆಗಲಿಗೆ ಒರಗಿ, ಕಣ್ಣಲ್ಲಿ ನೀರು ಬರೋ ಹಂಗೆ ಬಿಸಿಲಲ್ಲಿ ನಿಂತು ನಕ್ಕಳು.

ಮೇಲಿಂದ ಬೋರಲಿಂಗ ಗಾಬರಿಯಾಗಿ ಕೂಗಿದ:

"ಅವ್ವಾ! ಆಚೆ ನಿಂತು ನಗ್ತಾ ಇದ್ದೀಯಲ್ಲ! ಬಿಸಿಲೆಲ್ಲ ದಂಡ ಆಗ್ತದೆ, ಬೇಗ ಒಳಗೆ ಹೋಗಿ ಮಲಕ್ಕೋ!"