ಮರಕುಟಿಗನಿಗೆ ಜೋಡಿ ಹೆಸರು ಬಂದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಮರಗಿಡಗಳಿಗೆ ಹೆಸರು ಬಂದಿತ್ತು. ಹಕ್ಕಿಗಳಿಗೆ ಇನ್ನೂ ಬಂದಿರಲಿಲ್ಲ.

ಒಂದು ದಿನ ಹೊಳೆ ಮೊರದ ತುಂಬ ಹೆಸರು ತುಂಬಿಟ್ಟುಕೊಂಡು ಹಕ್ಕಿಗಳನ್ನೆಲ್ಲ ನಾಮಕರಣಕ್ಕೆ ಕರೆಯಿತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ ತಾನೇ? ಹಕ್ಕಿಗಳಿಗೆಲ್ಲ ಹೊಳೆಯೇ ಸೋದರತ್ತೆ.

"ಬೇಗ ಬನ್ನಿ ಮಕ್ಕಳೇ. ಮೊರದಲ್ಲಿರೋ ಹೆಸರು ಮುಗಿದರೆ ಮುಗೀತು. ಹೆಸರಿಲ್ಲದವರನ್ನ ಊಟಕ್ಕೂ ಕರೆಯೋರಿಲ್ಲ, ಆಟಕ್ಕೂ ಕರೆಯೋರಿಲ್ಲ" ಅಂದಳು ಹೊಳೆಯತ್ತೆ.

ಎಲ್ಲರೂ ಮಿಂದು, ರೆಕ್ಕೆ ತೀಡಿಕೊಂಡು ಹೊರಟರು. ಒಂದು ಪುಟ್ಟ ಹಕ್ಕಿಯೂ ಹೊರಟಿತು. ದಾರಿಯಲ್ಲಿ, ಹೊಳೆದಡದ ಹತ್ತಿರ, ಮುದಿ ಬೂರುಗದ ಮರ ನರಳುತ್ತಿತ್ತು.

"ಏನಾಯ್ತಜ್ಜ?"

"ಒಳಗೆ ಹುಳ ಕೊರೀತಿದೆ ಕಣಪ್ಪ. ಇವತ್ತು ತಿರುಳಿಗೇ ಬಂತು. ನೀನು ಹೋಗು, ಹೆಸರು ತಪ್ಪೀತು."

ಹಕ್ಕಿಗೆ ಹೆಸರಿನ ಆಸೆ ಬೆಟ್ಟದಷ್ಟಿತ್ತು. ಆದರೂ ಮುಂದೆ ಹೋಗಲು ಕಾಲೇಳಲಿಲ್ಲ. ತೊಗಟೆಗೆ ಕಿವಿಯಿಟ್ಟಿತು. ಟಕ್ ಟಕ್ ಟಕ್ ಎಂದು ಕುಟ್ಟಿತು. ಒಂದು ಹುಳ ಸಿಕ್ಕಿತು. ಮತ್ತೆ ಕಿವಿಯಿಟ್ಟಿತು, ಮತ್ತೆ ಕುಟ್ಟಿತು. ಕೊನೆಯ ಹುಳವನ್ನು ಎಳೆದು ಹಾಕಿದ ಮೇಲೆಯೇ ಹೊಳೆಯ ಕಡೆಗೆ ಹಾರಿತು.

ಕೊಕ್ಕಿನ ತುಂಬ ಮರದ ಪುಡಿ! ಆಗಷ್ಟೇ ಹೆಸರು ಪಡೆದು ಬೀಗುತ್ತಿದ್ದ ಗೊರವಂಕ ಮೂಗು ಮುರಿಯಿತು.

"ಮುಖ ತೊಳೀದೆ ನಾಮಕರಣಕ್ಕೆ ಬರ್ತಾರೇನೋ?"

ಹೊಳೆಯತ್ತೆ ಮೊರ ತಡವಿದಳು. ಒಂದು ಹೆಸರೂ ಉಳಿದಿರಲಿಲ್ಲ.

"ಮುಗಿದುಹೋಯ್ತಲ್ಲೋ ಮಗನೇ!"

ಹಕ್ಕಿಗೆ ಅಳು ಬಂತು.

ಆಗ ಬೂರುಗದ ಮರ ದಡಕ್ಕೆಲ್ಲ ಕೇಳುವಂತೆ ಕೂಗಿತು. "ಮುಗಿದರೆ ಮುಗೀಲಿ ಹೊಳೆಯಮ್ಮ! ಮರ ಅನ್ನೋ ನನ್ನ ಹೆಸರು ಕೊಡ್ತೀನಿ, ಅದರ ಬೆನ್ನಿಗೆ ಅವನ ಕೆಲಸವನ್ನ ಹೊಲಿದುಬಿಡು. ಇನ್ಮೇಲೆ ಅವನ ಹೆಸರಿನ ಮುಂದೆ ನಾನೇ ನಡೀತೀನಿ!"

ಹೊಳೆಯತ್ತೆ ಹಕ್ಕಿಯ ಕಿವಿಗೆ ಬಾಗಿ ಮೂರು ಸಲ ಹೇಳಿದಳು: "ಮರಕುಟಿಗ, ಮರಕುಟಿಗ, ಮರಕುಟಿಗ." ಬೂರುಗದ ಮರ ಕೊಂಬೆ ಚಾಚಿ ತನ್ನ ಕೆಂಪು ಹೂವೊಂದನ್ನು ಅವನ ನೆತ್ತಿಗೆ ಮುಡಿಸಿತು.

ಬೇರೆಯವರದೆಲ್ಲ ಮೊರದಿಂದ ಬಂದ ಹೆಸರು. ಅವನದು ದುಡಿದು ಪಡೆದ ಹೆಸರು. ಮರಕುಟಿಗ ಮುಖ ತೊಳೆಯಲೇ ಇಲ್ಲ. ಪುಡಿ ಮೆತ್ತಿದ ಕೊಕ್ಕನ್ನು ಎತ್ತಿಕೊಂಡೇ ಗೊರವಂಕದ ಮುಂದೆ ಹಾದುಹೋದ. ಅಷ್ಟು ಹೆಮ್ಮೆ ಅವನಿಗೆ!

ಅದಕ್ಕೇ ಮಗು, ಇವತ್ತಿಗೂ ಅವನ ತಲೆಯ ಮೇಲೆ ಕೆಂಪು ಜುಟ್ಟು ಕಾಣುತ್ತದೆ. ಇಂಗ್ಲಿಷಿನವರು ವುಡ್‌ಪೆಕರ್ ಎಂದು ಕರೆದರೂ ಅಲ್ಲೂ ಮೊದಲು ಮರ, ಆಮೇಲೆ ಕುಟ್ಟುವವನು.