ಮೂರು ಸಲ ಬಂದ ಹಡಗು

"ನನ್ನ ನಗಾರಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ" ಅಂದ ಬಂದರಿನ ಯಜಮಾನ ದೂಮಪ್ಪ.

ಅದು ಸುಳ್ಳು ಹೇಳುತ್ತೆ ಅಂತ ಯಾರೂ ಅಂದಿರಲಿಲ್ಲ. ರಾಜ ಚೆನ್ನರಸ ಬಾಯಿತುಂಬ ಎಲೆಯಡಿಕೆ ಹಾಕ್ಕೊಂಡು ಕೂತಿದ್ದ. ಕೈಗೆ ಹಗ್ಗ ಬಿಗಿಸ್ಕೊಂಡು ನಿಂತಿದ್ದ, ಹಡಗು ನಡೆಸೋ ತಂಡೇಲ ಇಸುಬು ಬ್ಯಾರಿ ಉಸಿರೂ ಬಿಟ್ಟಿರಲಿಲ್ಲ. ಆಸ್ಥಾನದ ವಿದೂಷಕ ಕೊಗ್ಗಣ್ಣ ಒಂದು ಹುಬ್ಬು ಎತ್ತಿದ್ದ, ಅಷ್ಟೆ. ದೂಮಪ್ಪನಿಗೆ ಉರಿ ಹತ್ತೋಕೆ ಅದೇ ಸಾಕಾಯ್ತು.

ಆ ಬಂದರಿನ ಪದ್ಧತಿ ಹೇಗಂದ್ರೆ, ಗುಡ್ಡದ ಮೇಲೆ ಕಾವಲಿಗೆ ಬೊಮ್ಮ ಅನ್ನೋನು. ಹಾಯಿ ಕಂಡರೆ ನಗಾರಿ ಬಾರಿಸ್ತಾನೆ. ನಗಾರಿ ಬಿದ್ದರೆ ಹಡಗು ಬಂತು ಅಂತ ಲೆಕ್ಕ. ಮೊನ್ನೆ ಇಸುಬುವಿನ ಹಡಗಿಗೆ ಮೂರು ಸಲ ನಗಾರಿ ಬಿದ್ದಿತ್ತು. ಹಡಗು ಕಟ್ಟೋ ದಕ್ಕೆಯಲ್ಲಿ ಅದನ್ನ ಜನ ಕಂಡಿದ್ದು ಒಂದೇ ಸಲ. ಅಂದ್ರೆ ಉಳಿದೆರಡು ಸಲ ಕದ್ದು ಬಂದು ರಾಜರ ಮೆಣಸು ತುಂಬ್ಕೊಂಡು ಹೋಗಿದ್ದಾನೆ ಅಂತ ದೂಮಪ್ಪನ ದೂರು. ಉಗ್ರಾಣದ ಬಾಗಿಲು ತೆಗೆದು, ಮೆಣಸು ಇದೆಯೋ ಇಲ್ಲವೋ ಅಂತ ನೋಡೋ ಕಷ್ಟ ಮಾತ್ರ ಯಾರೂ ತಗೊಂಡಿರಲಿಲ್ಲ.

ಇಸುಬು ಬೇಡ್ಕೊಂಡ. ಉಬ್ಬರ ಬರದೆ ಹೊಳೆಬಾಯಿಯ ಅಳಿವೆ ದಾಟೋಕಾಗಲ್ಲ, ಹೊರಗೇ ಕಾಯ್ತಾ ಇದ್ದೆ, ಗಾಳಿ ಜೋರಾದಾಗೆಲ್ಲ ದ್ವೀಪದ ಮರೆಗೆ ಹೋಗಿ ಬಂದೆ ಅಂದ. ಹಡಗು ಕಿತ್ಕೊಂಡರೆ ಮನೆಮಂದಿಗೆಲ್ಲ ಗಂಜಿ ಇಲ್ಲ ಅಂತ ಅತ್ತೂಬಿಟ್ಟ.

"ಕಂಡಿದೆ ಅಂದ್ರೆ ಬಂದಿದೆ" ಅಂದ ದೂಮಪ್ಪ. "ಹಡಗು ಮುಟ್ಟುಗೋಲು ಹಾಕ್ಕೊಳ್ಳಿ, ಒಡೆಯಾ."

ತೀರ್ಪು ಇವತ್ತು ಬೇಡ, ನಾಳೆ ಮಧ್ಯಾಹ್ನ ಎಲ್ಲರೂ ನಮ್ಮನೇಲಿ ಊಟ ಮಾಡ್ಕೊಂಡೇ ಕೊಡಿ ಅಂದ ಕೊಗ್ಗಣ್ಣ. ಅವನ ಹೆಂಡತಿ ಮಾಡೋ ಕಾಣೆ ಮೀನಿನ ಸಾರು ನೆನೆದು ರಾಜ ಒಪ್ಪಿಬಿಟ್ಟ.

ಮರುದಿನ ರಾಜ ಬೇಗ ಬಂದು ಕೊಗ್ಗಣ್ಣನ ಮನೆಯೊಳಗೆ ಚಾವಡಿಯಲ್ಲಿ ಕೂತ. ಇಸುಬುವನ್ನೂ ಕರ್ಕೊಂಡು ಬಂದಿದ್ರು. ಆಮೇಲೆ ಕೆಂಪು ಜರಿಪೇಟ ಸುತ್ಕೊಂಡು ದೂಮಪ್ಪ ಬಂದ. ಅಷ್ಟರಲ್ಲಿ ಅಂಗಳದ ಬಾಗಿಲು ಹಾಕಿತ್ತು. ಎಲೆ ಹಾಕ್ತಾ ಇದ್ದಾರೆ, ಸ್ವಲ್ಪ ಕಾಯಿರಿ ಅಂತ ಒಳಗಿಂದ ಯಾರೋ ಅಂದ್ರು. ಅಟ್ಟದ ಮೇಲಿಂದ ನಗಾರಿ ಢಣಾ ಅಂತು.

ಬಿಸಿಲು ಸುಡ್ತಿತ್ತು. ದೂಮಪ್ಪ ಹುಲ್ಲಿನ ಬಣವೆ ಹಿಂದೆ ನೆರಳಿಗೆ ಹೋದ. ಬಾಗಿಲು ತೆಗೆದರಾ ಅಂತ ಇಣುಕಿದ. ಢಣಾ. ಮತ್ತೆ ನೆರಳಿಗೆ ಹೋದ, ಮತ್ತೆ ಬಂದ. ಢಣಾ. ಆಗ ಬಾಗಿಲು ತೆಗೀತು.

ಒಳಗೆ ಎಲೆ ಒಂದು ಕಡಿಮೆ ಇತ್ತು.

"ನನಗೆಲ್ಲಿ ಕೊಗ್ಗಣ್ಣ?"

"ಇದೇನು ಯಜಮಾನ್ರೆ. ಮೊದಲ ಸಲ ಬಂದಾಗ ಸಾರು ಅನ್ನ ಉಂಡ್ರಿ. ಎರಡನೇ ಸಲ ಪಾಯಸ ಕುಡಿದ್ರಿ. ಈಗ ಮೂರನೇ ಸಲ ಬಂದಿದ್ದೀರಿ. ನಡುವೆ ನನ್ನ ಬೆಳ್ಳಿ ತಂಬಿಗೆ ಕಾಣ್ತಾ ಇಲ್ಲ. ಕೇಳೋಕೆ ಸಂಕೋಚ, ಆದ್ರೂ ಕೇಳ್ತೀನಿ. ಎಲ್ಲಿಟ್ಟಿದ್ದೀರಿ?"

ದೂಮಪ್ಪನ ಮುಖ ಪೇಟಕ್ಕಿಂತ ಕೆಂಪಾಯ್ತು. "ನಾನು ಹೊಸ್ತಿಲೇ ದಾಟಿಲ್ಲ ಮಾರಾಯಾ. ಹೊರಗೆ ಬಿಸಿಲಲ್ಲಿ ಕಾಯ್ತಾ ಇದ್ದೆ."

"ನಗಾರಿ ಮೂರು ಸಲ ಬಿತ್ತಲ್ಲ?"

"ಯಾವನೋ ಮುಟ್ಠಾಳ ಬಾರಿಸಿದ್ರೆ?"

ಅಟ್ಟದಿಂದ ಬೊಮ್ಮ ಇಳಿದು ಬಂದು ಕೈಮುಗಿದ. "ನಾನೇ ಯಜಮಾನ್ರೆ. ಕೊಗ್ಗಣ್ಣ ನಗಾರಿ ಸಮೇತ ಕರೆಸಿದ್ರು. ನೀವು ಕಲಿಸಿದ ಹಾಗೇ ಬಾರಿಸಿದೆ. ಪೇಟ ಕಂಡಾಗೆಲ್ಲ."

ರಾಜನಿಗೆ ನಗು ಬಂದು, ಕುಡೀತಿದ್ದ ಮಜ್ಜಿಗೆ ನೆತ್ತಿಗೇರಿತು. ಕೆಮ್ಮುತ್ತಲೇ ಇಸುಬುವಿನ ಕಟ್ಟು ಬಿಚ್ಚಿಸಿ, ನಿನ್ನ ಹಡಗು ನಿನಗೇ ಅಂದ. ಇನ್ನು ಮುಂದೆ ನಗಾರಿ ದಕ್ಕೆಯಲ್ಲೇ ಇರಲಿ, ಹಡಗಿನ ಹಗ್ಗ ಕಂಬಕ್ಕೆ ಬಿಗಿದ ಮೇಲೆ ಒಂದೇ ಸಲ ಬಾರಿಸಲಿ ಅಂತ ಅಪ್ಪಣೆ ಕೊಟ್ಟ. ಹೆಗಲ ಮೇಲಿದ್ದ ಶಾಲು ತೆಗೆದು ಕೊಗ್ಗಣ್ಣನಿಗೆ ಹೊದಿಸಿದ.

ಆಮೇಲೆ ಪಾಪ ಅನ್ನಿಸಿರಬೇಕು. "ಕೂತ್ಕೋ ದೂಮಪ್ಪ" ಅಂದ. "ಎಲೆ ಹಾಕಿಸ್ತೀನಿ."

"ಬೇಡ ಒಡೆಯಾ" ಅಂದ ದೂಮಪ್ಪ. "ಎರಡು ಸಲ ಉಂಡವನಿಗೆ ಮತ್ತೆಲ್ಲಿ ಹಸಿವು." ಹೊರಗೆ ಹೋಗಿ ಬಾಗಿಲು ಎಳ್ಕೊಂಡ.