ನೀರುನಾಯಿ ತಂದ ಸಾಕ್ಷಿ

ಕಾರ್ಖಾನೆಯ ಕೊಳವೆ ಬಂದು ಸೇರುವ ಹೊಳೆಯಲ್ಲಿ ನೀರುನಾಯಿಯ ಎರಡು ಮರಿಗಳು ನಡುಗಿ ನಡುಗಿ ಸತ್ತವು. ತಾಯಿ ನೀರುನಾಯಿ ಕೊಳವೆಯ ಎದುರಿಗೇ ಹೋಗಿ ನಿಂತು, "ನೀನು ಉಗುಳುವ ಪಾದರಸವೇ ಕೊಂದದ್ದು," ಎಂದಿತು.

"ದಡದ ಮಾಪಕಯಂತ್ರವನ್ನು ಕೇಳು," ಎಂದಿತು ಕೊಳವೆ. ಯಂತ್ರ ನೀರನ್ನು ಅಳೆದು, "ಇದೆ, ಆದರೆ ತೀರ ಅಲ್ಪ," ಎಂದಿತು.

ನೀರುನಾಯಿ ಹೊಳೆಗೆ ಧುಮುಕಿ ಮೀನೊಂದನ್ನು ಕಚ್ಚಿ ತಂದಿತು. "ನನ್ನ ಮಕ್ಕಳು ತಿಂದದ್ದು ಇದನ್ನು. ಇದನ್ನು ಅಳೆ."

"ಅಂಥ ಪದ್ಧತಿಯಿಲ್ಲ!" ಎಂದು ಕೊಳವೆ ಗದರಿತು.

"ಅಳೆಯುವವರೆಗೆ ನಾನು ಕದಲುವುದೂ ಇಲ್ಲ."

ಯಂತ್ರ ಮೀನನ್ನು ಅಳೆದು ಬೆಚ್ಚಿತು. "ಪಾದರಸ ಕೆಸರಿನಲ್ಲಿ ರೂಪ ಬದಲಿಸಿ ಮೀನಿನ ಮಾಂಸ ಸೇರಿದೆ. ನೀರಿನಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚಿದೆ. ನಿನ್ನ ಮಾತೇ ನಿಜ, ತಾಯಿ."

"ಒಂದೇ ಮೀನಿನ ಸಾಕ್ಷಿಯನ್ನು ಯಾರು ಒಪ್ಪುತ್ತಾರೆ?" ಎಂದು ಕೊಳವೆ ನಕ್ಕಿತು.

ನೀರುನಾಯಿ ಇನ್ನೊಂದನ್ನು ತರಲು ಆಗಲೇ ಹೊಳೆಗೆ ಇಳಿದಿತ್ತು.